ಒಬ್ಬರಿಗೆ ಛೀಮಾರಿ, ಇನ್ನೊಬ್ಬರಿಗೆ ಹಸ್ತಲಾಘವ: ಮಾನವ ಹಕ್ಕುಗಳ ವಿಷಯದಲ್ಲಿ ಸರ್ಕಾರಗಳ ಇಬ್ಬಗೆ ನೀತಿ

2023ರ ಮಾರ್ಚ್ 17ರಂದು ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ರಷ್ಯಾ ಅಧ್ಯಕ್ಷ ಪುಟಿನ್ ವಿರುದ್ಧ ಬಂಧನ ವಾರಂಟ್ ಹೊರಡಿಸಿತು. ಯುಕ್ರೇನಿನ ಮಕ್ಕಳನ್ನು ಅಕ್ರಮವಾಗಿ ರಷ್ಯಾಕ್ಕೆ ಸಾಗಿಸಿದ ಆರೋಪ ಅದು. ಆಗ ಅಮೆರಿಕದ ಅಧ್ಯಕ್ಷರಾಗಿದ್ದ ಜೋ ಬೈಡನ್ ಇದು ನ್ಯಾಯವಾದದ್ದೇ ಎಂದರು. 2024ರ ನವೆಂಬರ್ 21ರಂದು ಅದೇ ನ್ಯಾಯಾಲಯ ಗಾಜಾ ಯುದ್ಧಕ್ಕೆ ಸಂಬಂಧಿಸಿ ಇಸ್ರೇಲ್ ಪ್ರಧಾನಿ ನೆತನ್ಯಾಹು ವಿರುದ್ಧ ವಾರಂಟ್ ಕೊಟ್ಟಿತು. ಅದೇ ಬೈಡನ್ ಈ ಸಲ ಇದು ಅತಿರೇಕ ಎಂದರು.

ಇಷ್ಟು ಓದಿ ಅಮೆರಿಕದವರೇ ಹೀಗೆ ಅಂದುಕೊಂಡರೆ ಅರ್ಧ ಕಥೆ ಮಾತ್ರ ಆಯಿತು. ಗಾಜಾ ವಿಷಯದಲ್ಲಿ ಇಸ್ರೇಲನ್ನು 2023ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ (ಇದು ದೇಶ ದೇಶಗಳ ವ್ಯಾಜ್ಯ ನೋಡುವ ಬೇರೆ ಕೋರ್ಟ್) ಎಳೆದ ದೇಶ ದಕ್ಷಿಣ ಆಫ್ರಿಕಾ. 2022ರ ಮಾರ್ಚ್‌ನಲ್ಲಿ ಯುಕ್ರೇನ್ ಮೇಲಿನ ರಷ್ಯಾ ದಾಳಿಯನ್ನು ಖಂಡಿಸುವ ನಿರ್ಣಯ ವಿಶ್ವಸಂಸ್ಥೆಯ ಮುಂದೆ ಬಂದಾಗ ಇದೇ ದೇಶ ಮತ ಹಾಕದೆ ಕೂತಿತ್ತು. ಅದಕ್ಕೂ ಮೊದಲು, 2015ರಲ್ಲಿ, ದಾರ್ಫುರ್ ಹತ್ಯೆಗಳ ಆರೋಪ ಹೊತ್ತ ಸುಡಾನ್ ಅಧ್ಯಕ್ಷ ಒಮರ್ ಅಲ್ ಬಶೀರ್ ಸಭೆಯೊಂದಕ್ಕೆ ಜೋಹಾನ್ಸ್‌ಬರ್ಗ್‌ಗೆ ಬಂದಿದ್ದರು. ಅವರ ಮೇಲೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ವಾರಂಟ್ ಇತ್ತು. ಸರ್ಕಾರ ಬಂಧಿಸಲಿಲ್ಲ, ಹೋಗಲು ಬಿಟ್ಟಿತು. ಅದು ಕಾನೂನುಬಾಹಿರ ಎಂದು ಆಮೇಲೆ ಅಲ್ಲಿನ ಕೋರ್ಟುಗಳೇ ಹೇಳಿದವು.

ಒಂದೇ ಥರದ ತಪ್ಪಿಗೆ, ಮಾಡಿದವರು ಯಾರು ಅನ್ನೋದನ್ನು ನೋಡಿ ಬೇರೆ ಬೇರೆ ಅಳತೆ ಹಿಡಿಯುವುದೇ ಇಬ್ಬಗೆ ನೀತಿ. ಇದು ಸುಮ್ನೆ ಗೊಂದಲದಿಂದ ಆಗುವುದಲ್ಲ. ಇದರಲ್ಲಿ ಲೆಕ್ಕಾಚಾರವೇ ಜಾಸ್ತಿ. ಮಾತಾಡಿದರೆ ತನಗೆಷ್ಟು ನಷ್ಟ ಎಂದು ನೋಡಿಕೊಂಡು ಸರ್ಕಾರಗಳು ದನಿ ಏರಿಸುತ್ತವೆ, ಇಳಿಸುತ್ತವೆ. ಆ ಲೆಕ್ಕ ಹೇಗೆ ನಡೆಯುತ್ತದೆ ಎಂದು ಬುಡದಿಂದ ನೋಡೋಣ.

ಇನ್ನೊಬ್ಬರ ಮನೆ ವಿಷಯ ಮಾತಾಡಲು ಹಕ್ಕು ಎಲ್ಲಿಂದ ಬಂತು?

ಎರಡನೇ ಮಹಾಯುದ್ಧಕ್ಕೆ ಮುಂಚೆ ಒಂದು ಸರ್ಕಾರ ತನ್ನ ಜನರನ್ನು ಹೇಗೆ ನಡೆಸಿಕೊಂಡರೂ ಅದು ಬಹುತೇಕ ಅದರ ಸ್ವಂತ ವಿಷಯವಾಗಿತ್ತು. ನಾಜಿಗಳು ಮಾಡಿದ್ದನ್ನು ಕಂಡ ಮೇಲೆ ಆ ಮಾತು ಒಪ್ಪುವುದು ಕಷ್ಟವಾಯಿತು. 1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಒಪ್ಪಿತು. 48 ದೇಶಗಳು ಪರ, ವಿರೋಧ ಒಂದೂ ಇಲ್ಲ. 8 ದೇಶಗಳು ತಟಸ್ಥ. ಆ ಎಂಟರಲ್ಲಿ ಸೋವಿಯತ್ ಒಕ್ಕೂಟ, ಸೌದಿ ಅರೇಬಿಯಾ, ದಕ್ಷಿಣ ಆಫ್ರಿಕಾ ಎಲ್ಲ ಇದ್ದವು. ಘೋಷಣೆಯ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂಬ ಅರ್ಥ ಬರುವ ಹಾಗೆ ಇದ್ದದ್ದನ್ನು ‘ಎಲ್ಲ ಮಾನವರು’ ಎಂದು ಮಾಡಿಸಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ.

ಆದರೆ ವಿಶ್ವಸಂಸ್ಥೆಯ ಸನ್ನದಿನಲ್ಲೇ ಇನ್ನೊಂದು ಸಾಲಿದೆ: ಯಾವ ದೇಶದ ಆಂತರಿಕ ವಿಷಯದಲ್ಲೂ ಸಂಸ್ಥೆ ಕೈ ಹಾಕುವಂತಿಲ್ಲ. ಹಕ್ಕುಗಳು ಎಲ್ಲರ ವಿಷಯ ಅನ್ನೋ ಮಾತು, ಮನೆ ವಿಷಯ ಮನೆಯವರದ್ದು ಅನ್ನೋ ಮಾತು ಎರಡೂ ಅಕ್ಕಪಕ್ಕ ಕೂತಿವೆ. ಯಾರಿಗೆ ಯಾವಾಗ ಯಾವುದು ಬೇಕೋ ಅದನ್ನು ಎತ್ತಿಕೊಳ್ಳಬಹುದು.

ಆ ಘೋಷಣೆಗೂ ಮುಂಚೆಯೇ ಇದನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಭಾರತವೂ ಒಂದು. 1946ರಲ್ಲಿ, ಸ್ವಾತಂತ್ರ್ಯ ಇನ್ನೂ ಕೈಗೆ ಬರುವ ಮುಂಚೆ, ದಕ್ಷಿಣ ಆಫ್ರಿಕಾದಲ್ಲಿ ಭಾರತೀಯರಿಗೆ ಆಗುತ್ತಿದ್ದ ತಾರತಮ್ಯವನ್ನು ನಾವು ವಿಶ್ವಸಂಸ್ಥೆಗೆ ಒಯ್ದೆವು. ಅಲ್ಲಿ ವಾದ ಮಂಡಿಸಿದವರು ವಿಜಯಲಕ್ಷ್ಮಿ ಪಂಡಿತ್. ದಕ್ಷಿಣ ಆಫ್ರಿಕಾದ ಉತ್ತರ ಏನು ಗೊತ್ತಾ? ಇದು ನಮ್ಮ ಆಂತರಿಕ ವಿಷಯ, ನೀವು ತಲೆ ಹಾಕಬೇಡಿ. ಭಾರತ ಆ ವಾದವನ್ನು ಒಪ್ಪಲಿಲ್ಲ, ಮಹಾಸಭೆಯಲ್ಲಿ ಗೆದ್ದಿತು. 2021ರಲ್ಲಿ ಬ್ರಿಟಿಷ್ ಸಂಸದರು ದೆಹಲಿಯ ರೈತ ಹೋರಾಟದ ಬಗ್ಗೆ ಚರ್ಚೆ ಮಾಡಿದಾಗ, ಇದು ಇನ್ನೊಂದು ದೇಶದ ರಾಜಕೀಯದಲ್ಲಿ ಕೈ ಹಾಕಿದಂತೆ ಎಂದು ಬ್ರಿಟಿಷ್ ರಾಯಭಾರಿಯನ್ನು ಕರೆಸಿ ಹೇಳಿದ್ದೂ ನಾವೇ.

ಜಿನೀವಾದಲ್ಲಿ ನಡೆಯುವುದೇನು?

ಟೀಕೆಗೆ ಮೆಟ್ಟಿಲುಗಳಿವೆ. ‘ಪರಿಸ್ಥಿತಿ ಗಮನಿಸುತ್ತಿದ್ದೇವೆ’ ಎನ್ನುವುದು ಕೆಳಗಿನದು. ಮೇಲೆ ಹೋದಂತೆ ‘ಕಳವಳ’, ‘ತೀವ್ರ ಕಳವಳ’, ಆಮೇಲೆ ‘ಖಂಡನೆ’. ಅದಕ್ಕೂ ಮೇಲೆ ನೆರವು ನಿಲ್ಲಿಸುವುದು, ನಿರ್ಬಂಧ ಹೇರುವುದು. ಈ ಮಾತುಗಳನ್ನು ಯಾರೂ ಬಾಯಿಗೆ ಬಂದಂತೆ ಆಡುವುದಿಲ್ಲ. ವಿದೇಶಾಂಗ ಕಚೇರಿಗಳಲ್ಲಿ ಒಂದೊಂದು ಪದವನ್ನೂ ತೂಗಿ ಬರೆಯುತ್ತಾರೆ.

ಈ ವ್ಯವಹಾರದ ದೊಡ್ಡ ಅಂಗಳ ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ. ಹಳೆಯ ಆಯೋಗ ರಾಜಕೀಯದಲ್ಲಿ ಮುಳುಗಿ ಹೆಸರು ಕೆಡಿಸಿಕೊಂಡಿತ್ತು ಎಂದು ಅದನ್ನು ಮುಚ್ಚಿ 2006ರಲ್ಲಿ ಇದನ್ನು ಕಟ್ಟಿದರು. 47 ಸದಸ್ಯ ದೇಶಗಳು, 3 ವರ್ಷದ ಅವಧಿ. ಒಂದು ವಿಷಯ ನೆನಪಿಡಬೇಕು: ಇದು ನ್ಯಾಯಾಧೀಶರ ಕೋರ್ಟ್ ಅಲ್ಲ, ಸರ್ಕಾರಗಳ ಸಭೆ. ಕೂತವರೆಲ್ಲ ತಮ್ಮ ತಮ್ಮ ರಾಜಧಾನಿಯಿಂದ ಬಂದ ಸೂಚನೆಯ ಪ್ರಕಾರ ಕೈ ಎತ್ತುತ್ತಾರೆ. ಈ ಮಂಡಳಿಯ ಕಾರ್ಯಸೂಚಿಯಲ್ಲಿ ಇಸ್ರೇಲ್–ಪ್ಯಾಲೆಸ್ಟೀನ್ ವಿಷಯಕ್ಕೆ ಮಾತ್ರ ಕಾಯಂ ಆಗಿ ಬೇರೆ ಜಾಗ ಇದೆ. ಉಳಿದ ಎಲ್ಲ ದೇಶಗಳಿಗೂ ಸೇರಿ ಒಂದು ಸಾಮಾನ್ಯ ಜಾಗ. ಇಸ್ರೇಲ್, ಅಮೆರಿಕ ಇದನ್ನೇ ಇಬ್ಬಗೆ ನೀತಿ ಎಂದು ದೂರುತ್ತವೆ. ಅಮೆರಿಕ 2018ರಲ್ಲಿ ಮಂಡಳಿ ಬಿಟ್ಟುಹೋಯಿತು, 2022ರಲ್ಲಿ ಮರಳಿತು, 2025ರಲ್ಲಿ ಮತ್ತೆ ಕೈ ತೊಳೆದುಕೊಂಡಿತು.

2022ರ ಅಕ್ಟೋಬರ್ 6ರ ಮತದಾನ ನೋಡಿ. ಚೀನಾದ ಷಿನ್‌ಜಿಯಾಂಗ್‌ನಲ್ಲಿ ಉಯ್ಗುರ್ ಮುಸ್ಲಿಮರನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಹಾಕಿರುವ ಬಗ್ಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೇ ವರದಿ ಕೊಟ್ಟಿತ್ತು. ಅದರ ಬಗ್ಗೆ ಚರ್ಚೆ ಮಾಡೋಣವೇ ಎಂಬುದಷ್ಟೇ ಪ್ರಶ್ನೆ. ಖಂಡಿಸುವ ಮಾತೇ ಇಲ್ಲ, ಬರೀ ಚರ್ಚೆ. ಪರ 17, ವಿರೋಧ 19, ತಟಸ್ಥ 11. ಪ್ರಸ್ತಾವ ಬಿತ್ತು. ಚರ್ಚೆ ಬೇಡ ಎಂದವರಲ್ಲಿ ಪಾಕಿಸ್ತಾನ, ಇಂಡೋನೇಷ್ಯಾ, ಕತಾರ್, ಯುಎಇ ಇದ್ದವು. ಕಾಶ್ಮೀರದ ಮುಸ್ಲಿಮರ ಬಗ್ಗೆ ಇದೇ ಸಭೆಯಲ್ಲಿ ಸದಾ ಮಾತೆತ್ತುವ ದೇಶ ಪಾಕಿಸ್ತಾನ. ಇನ್ನು ಗಲ್ವಾನ್‌ನಲ್ಲಿ ಚೀನಾ ಜೊತೆ ಕಾದಾಡಿ ಎರಡು ವರ್ಷ ಆಗಿದ್ದ ಭಾರತ? ತಟಸ್ಥ. ಒಂದು ದೇಶವನ್ನೇ ಗುರಿಯಾಗಿಸುವ ನಿರ್ಣಯಗಳಿಂದ ಪ್ರಯೋಜನ ಇಲ್ಲ ಎನ್ನುವುದು ನಮ್ಮ ಹಳೆಯ ನಿಲುವು. ಇವತ್ತು ಷಿನ್‌ಜಿಯಾಂಗ್ ಆದರೆ ನಾಳೆ ಕಾಶ್ಮೀರ ಆಗಬಹುದು ಎಂಬ ಎಚ್ಚರವೂ ಅದರ ಹಿಂದೆ ಇದೆ.

ಒಂದೇ ಯುದ್ಧ, ಮೂರು ಥರ ಮತ

ಇಬ್ಬಗೆ ನೀತಿ ಎರಡು ದೇಶಗಳ ನಡುವೆ ಮಾತ್ರ ಕಾಣುವುದಲ್ಲ. ಒಂದೇ ದೇಶದ ಬಗ್ಗೆ, ಒಂದೇ ಘಟನೆಯ ಬಗ್ಗೆ ಕಾಲ ಬದಲಾದಂತೆ ಮಾತು ಬದಲಾಗುವುದನ್ನು ನೋಡಿದರೆ ಒಳಗಿನ ಯಂತ್ರ ಇನ್ನೂ ಚೆನ್ನಾಗಿ ಕಾಣುತ್ತದೆ. ಶ್ರೀಲಂಕಾ ವಿಷಯದಲ್ಲಿ ಭಾರತದ ಮತವನ್ನೇ ತಗೊಳ್ಳಿ.

2009ರ ಮೇ ತಿಂಗಳಲ್ಲಿ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಜೊತೆಗಿನ ಶ್ರೀಲಂಕಾ ಸೇನೆಯ ಯುದ್ಧ ಮುಗಿಯಿತು. ಕೊನೆಯ ತಿಂಗಳುಗಳಲ್ಲಿ 40,000ದಷ್ಟು ನಾಗರಿಕರು ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ಆಮೇಲೆ ಹೇಳಿತು. ಯುದ್ಧ ಮುಗಿದ ಒಂದೆರಡು ವಾರದೊಳಗೆ ಜಿನೀವಾದಲ್ಲಿ ವಿಶೇಷ ಸಭೆ ನಡೆಯಿತು. ಬಂದ ನಿರ್ಣಯ ಶ್ರೀಲಂಕಾ ಸರ್ಕಾರಕ್ಕೆ ಹಿತವಾದದ್ದು. ಭಾರತ ಅದರ ಪರ ಮತ ಹಾಕಿತು.

2012ರ ಮಾರ್ಚ್‌ನಲ್ಲಿ ಅಮೆರಿಕ ತಂದ ನಿರ್ಣಯ ಶ್ರೀಲಂಕಾವನ್ನು ಪ್ರಶ್ನಿಸುವಂಥದ್ದು. ಈಗ ಭಾರತ ಅದರ ಪರ, ಅಂದರೆ ಶ್ರೀಲಂಕಾಕ್ಕೆ ವಿರುದ್ಧ. ಕೊಲಂಬೊದಲ್ಲಿ ಹೊಸದಾಗಿ ಏನೂ ಆಗಿರಲಿಲ್ಲ. ದೆಹಲಿಯ ಯುಪಿಎ ಸರ್ಕಾರ ಡಿಎಂಕೆಯ 18 ಸಂಸದರ ಮೇಲೆ ಒರಗಿ ನಿಂತಿತ್ತು, ಪಕ್ಕದ ತಮಿಳುನಾಡು ಕುದಿಯುತ್ತಿತ್ತು. ಮತ ಹಾಕಿದ ಮೇಲೆ ಪ್ರಧಾನಿ ಮನಮೋಹನ್ ಸಿಂಗ್ ಶ್ರೀಲಂಕಾ ಅಧ್ಯಕ್ಷ ರಾಜಪಕ್ಸೆಗೆ ಪತ್ರ ಬರೆದು, ನಿರ್ಣಯದಲ್ಲಿ ಸಮತೋಲನ ತರಲು ನಮ್ಮವರು ಪ್ರಯತ್ನಿಸಿದ್ದಾರೆ ಎಂದು ಸಮಾಧಾನ ಹೇಳಿದರು. 2013ರ ಮಾರ್ಚ್‌ನಲ್ಲಿ ಡಿಎಂಕೆ ಇದೇ ವಿಷಯಕ್ಕೆ ಸರ್ಕಾರದಿಂದ ಹೊರನಡೆಯಿತು. ಆ ವರ್ಷವೂ ಭಾರತ ಶ್ರೀಲಂಕಾಕ್ಕೆ ವಿರುದ್ಧವೇ ಮತ ಹಾಕಿತು.

2014ರಲ್ಲಿ ತಟಸ್ಥ. ಅಂತರರಾಷ್ಟ್ರೀಯ ತನಿಖೆ ಅಂದರೆ ಒಂದು ದೇಶದ ಒಳಗೆ ಅತಿಯಾಗಿ ಕೈ ಹಾಕಿದಂತೆ ಎಂಬ ಕಾರಣ ಕೊಟ್ಟಿತು. ಅಷ್ಟರಲ್ಲಿ ಡಿಎಂಕೆ ಜೊತೆಗಿರಲಿಲ್ಲ. 2021, 2022ರಲ್ಲೂ ತಟಸ್ಥವೇ. ನಡುವೆ ಸರ್ಕಾರ ಬದಲಾಗಿತ್ತು, ಹಂಬನ್‌ತೋಟ ಬಂದರು 99 ವರ್ಷಕ್ಕೆ ಚೀನಾದ ಕೈಗೆ ಹೋಗಿತ್ತು. ಲಂಕಾವನ್ನು ಇನ್ನಷ್ಟು ದೂರ ತಳ್ಳಲು ದೆಹಲಿಗೆ ಮನಸ್ಸಿರಲಿಲ್ಲ. ಸತ್ತವರು ಅವರೇ, ಸತ್ತ ಜಾಗವೂ ಅದೇ.

ಈಜಿಪ್ಟ್‌ನಲ್ಲಿ ನಡೆದದ್ದಕ್ಕೆ ಏನನ್ನಬೇಕು?

ಅಮೆರಿಕದಲ್ಲಿ ಒಂದು ಕಾನೂನಿದೆ. ಚುನಾಯಿತ ಸರ್ಕಾರವನ್ನು ಸೇನೆ ಉರುಳಿಸಿದರೆ ಆ ದೇಶಕ್ಕೆ ಕೊಡುವ ನೆರವನ್ನು ನಿಲ್ಲಿಸಬೇಕು. 2013ರ ಜುಲೈ 3ರಂದು ಈಜಿಪ್ಟಿನ ಸೇನೆ, ಹಿಂದಿನ ವರ್ಷವಷ್ಟೇ ಚುನಾವಣೆ ಗೆದ್ದಿದ್ದ ಮೊಹಮ್ಮದ್ ಮೊರ್ಸಿಯವರನ್ನು ಕೆಳಗಿಳಿಸಿ ಬಂಧಿಸಿತು. ಇದು ಸೇನಾ ದಂಗೆ ಅನ್ನೋದರಲ್ಲಿ ಯಾರಿಗೂ ಅನುಮಾನ ಇರಬೇಕಿಲ್ಲ, ಅಲ್ವಾ? ಆದರೆ ಆ ಪದ ಬಳಸಿದ ತಕ್ಷಣ ವರ್ಷಕ್ಕೆ 130 ಕೋಟಿ ಡಾಲರ್ ಸೇನಾ ನೆರವು ನಿಲ್ಲಬೇಕಾಗುತ್ತದೆ. ಈಜಿಪ್ಟ್ ಸೂಯೆಜ್ ಕಾಲುವೆಯ ಒಡೆಯ, ಇಸ್ರೇಲ್ ಜೊತೆ 1979ರ ಶಾಂತಿ ಒಪ್ಪಂದ ಮಾಡಿಕೊಂಡ ದೇಶ. ಒಬಾಮ ಸರ್ಕಾರ ವಾರಗಟ್ಟಲೆ ಒದ್ದಾಡಿ ಒಂದು ದಾರಿ ಕಂಡುಕೊಂಡಿತು: ಇದು ದಂಗೆಯೋ ಅಲ್ಲವೋ ಎಂದು ತೀರ್ಮಾನಿಸಲೇಬೇಕು ಅಂತ ಕಾನೂನು ಹೇಳಿಲ್ಲ, ಹಾಗಾಗಿ ನಾವು ತೀರ್ಮಾನಿಸುವುದಿಲ್ಲ.

ಆಗಸ್ಟ್ 14ರಂದು ಕೈರೊದ ರಬಾ ಚೌಕದಲ್ಲಿ ಪ್ರತಿಭಟನೆಕಾರರ ಮೇಲೆ ಗುಂಡು ಹಾರಿತು. ಕನಿಷ್ಠ 817 ಜನ ಸತ್ತರು ಎನ್ನುತ್ತದೆ ಹ್ಯೂಮನ್ ರೈಟ್ಸ್ ವಾಚ್. ಇಷ್ಟಾದ ಮೇಲೆ ಅಕ್ಟೋಬರ್‌ನಲ್ಲಿ ಕೆಲವು ಶಸ್ತ್ರಾಸ್ತ್ರಗಳನ್ನು ತಡೆಹಿಡಿದರು. 2015ರಲ್ಲಿ ಬಿಟ್ಟುಕೊಟ್ಟರು.

2021ರ ಫೆಬ್ರವರಿ 1ರಂದು ಮ್ಯಾನ್ಮಾರ್‌ನಲ್ಲಿ ಸೇನೆ ಆಂಗ್ ಸಾನ್ ಸೂಕಿಯವರನ್ನು ಬಂಧಿಸಿತು. ಮರುದಿನವೇ ಅಮೆರಿಕ ಇದು ದಂಗೆ ಎಂದು ಘೋಷಿಸಿತು. ಅಲ್ಲಿನ ಸರ್ಕಾರಕ್ಕೆ ನೇರವಾಗಿ ಹೋಗುತ್ತಿದ್ದ ಅಮೆರಿಕದ ಹಣವೇ ಅಲ್ಪ. ಸತ್ಯ ಹೇಳಿದ್ದಕ್ಕೆ ಹೆಚ್ಚು ಕಳೆದುಕೊಳ್ಳುವುದೇನೂ ಇರಲಿಲ್ಲ.

ಇದೇ ಮ್ಯಾನ್ಮಾರ್ ಬಗ್ಗೆ ಭಾರತ ಏನು ಮಾಡಿತ್ತು? 1993ರಲ್ಲಿ ಗೃಹಬಂಧನದಲ್ಲಿದ್ದ ಸೂಕಿಗೆ ನೆಹರೂ ಹೆಸರಿನ ಪ್ರಶಸ್ತಿ ಕೊಟ್ಟೆವು. ಬರಬರುತ್ತಾ ಈಶಾನ್ಯದ ಬಂಡುಕೋರರು ಗಡಿಯಾಚೆ ಅಡಗುವುದು, ಅಲ್ಲಿ ಚೀನಾದ ಪ್ರಭಾವ ಬೆಳೆಯುವುದು ಎರಡೂ ಕಾಣತೊಡಗಿ ಸೇನಾಡಳಿತದ ಜೊತೆಗೇ ಮಾತುಕತೆ ಶುರುಮಾಡಿದೆವು.

1971: ಢಾಕಾದಿಂದ ಹೋದ ತಂತಿ

ನನ್ನ ಮಟ್ಟಿಗೆ ಈ ವಿಷಯದ ಅತಿ ಸ್ಪಷ್ಟ ದಾಖಲೆ ಸಿಗುವುದು ನಮ್ಮ ಪಕ್ಕದಲ್ಲೇ. 1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ಆಗಿನ ಪೂರ್ವ ಪಾಕಿಸ್ತಾನದ ಢಾಕಾದಲ್ಲಿ ಜನರ ಮೇಲೆ ಮುಗಿಬಿತ್ತು. ಅಲ್ಲಿದ್ದ ಅಮೆರಿಕದ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಕಣ್ಣಾರೆ ಕಂಡದ್ದನ್ನು ವಾಷಿಂಗ್ಟನ್‌ಗೆ ಬರೆಯುತ್ತಲೇ ಹೋದರು. ಉತ್ತರ ಇಲ್ಲ. ಏಪ್ರಿಲ್ 6ರಂದು 20 ಅಮೆರಿಕನ್ ಅಧಿಕಾರಿಗಳು ಸಹಿ ಹಾಕಿದ ತಂತಿ ಹೋಯಿತು: ಪ್ರಜಾಪ್ರಭುತ್ವವನ್ನು ಹೊಸಕಿಹಾಕಿದ್ದನ್ನು ನಮ್ಮ ಸರ್ಕಾರ ಖಂಡಿಸಿಲ್ಲ, ದೌರ್ಜನ್ಯಗಳನ್ನು ಖಂಡಿಸಿಲ್ಲ ಎಂದು. ಸ್ವಂತ ಸರ್ಕಾರಕ್ಕೆ ಅದರ ನೌಕರರೇ ಹಾಕಿದ ಛೀಮಾರಿ ಅದು.

ಅದೇ ತಿಂಗಳ ಕೊನೆಯಲ್ಲಿ ಅಧ್ಯಕ್ಷ ನಿಕ್ಸನ್ ಕಡತದ ಮೇಲೆ ಕೈಯಾರೆ ಟಿಪ್ಪಣಿ ಬರೆದರು: ಈ ಹೊತ್ತಿನಲ್ಲಿ ಯಾಹ್ಯಾ ಖಾನ್ (ಪಾಕಿಸ್ತಾನದ ಸೇನಾ ಆಡಳಿತಗಾರ) ಮೇಲೆ ಒತ್ತಡ ಹಾಕಬೇಡಿ. ‘ಬೇಡಿ’ ಅನ್ನೋದಕ್ಕೆ ಮೂರು ಅಡಿಗೆರೆ. ಕಾರಣ ಜುಲೈನಲ್ಲಿ ಗೊತ್ತಾಯಿತು. ಪಾಕಿಸ್ತಾನ ಪ್ರವಾಸದಲ್ಲಿದ್ದ ನಿಕ್ಸನ್‌ರ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಹೊಟ್ಟೆನೋವಿನ ನೆಪ ಹೇಳಿ ಮರೆಯಾದರು. ಪಾಕಿಸ್ತಾನದ ವಿಮಾನದಲ್ಲಿ ಗುಟ್ಟಾಗಿ ಬೀಜಿಂಗ್‌ಗೆ ಹಾರಿದ್ದರು. ಚೀನಾದ ಬಾಗಿಲು ತೆರೆಸುತ್ತಿದ್ದ ಮಧ್ಯವರ್ತಿಯೇ ಯಾಹ್ಯಾ. ಬ್ಲಡ್ ಅವರನ್ನು ಢಾಕಾದಿಂದ ಎತ್ತಂಗಡಿ ಮಾಡಿದರು.

ಇಲ್ಲಿ ಮಾಹಿತಿಯ ಕೊರತೆ ಇರಲಿಲ್ಲ. ಎಲ್ಲ ಗೊತ್ತಿದ್ದೇ ಸುಮ್ಮನಿದ್ದರು. ‘ಅವರಿಗೆ ವಿಷಯ ತಿಳಿದಿಲ್ಲವೇನೋ’ ಎಂದು ಯಾರಾದರೂ ಹೇಳಿದಾಗ ನನಗೆ ಈ ತಂತಿ ನೆನಪಾಗುತ್ತದೆ.

ತೈಲ, ಮತ, ಶತ್ರುವಿನ ಶತ್ರು

ಸದ್ದಾಂ ಹುಸೇನ್ ಕಥೆಯೂ ಇದೇ ಜಾತಿಯದ್ದು. 1988ರ ಮಾರ್ಚ್ 16ರಂದು ಇರಾಕಿ ಸೇನೆ ಹಲಬ್ಜಾದ ಕುರ್ದಿ ಜನರ ಮೇಲೆ ವಿಷಾನಿಲ ಸುರಿಯಿತು. ಸುಮಾರು 5,000 ಜನ ಸತ್ತರು. ಆಗ ಸದ್ದಾಂ ಇರಾನ್ ವಿರುದ್ಧ ಹೋರಾಡುತ್ತಿದ್ದ ಮಿತ್ರ, ಪಾಶ್ಚಾತ್ಯರ ದನಿ ಮೆತ್ತಗಿತ್ತು. 1990ರಲ್ಲಿ ಸದ್ದಾಂ ಕುವೈತ್‌ಗೆ ನುಗ್ಗಿದರು. 2003ರ ಯುದ್ಧಕ್ಕೆ ಮುಂಚೆ ಅದೇ ಹಲಬ್ಜಾ ಅಮೆರಿಕದ ನಾಯಕರ ಭಾಷಣಗಳಲ್ಲಿ ಮತ್ತೆ ಮತ್ತೆ ಬರತೊಡಗಿತು.

ಪತ್ರಕರ್ತ ಜಮಾಲ್ ಖಶೋಗಿ 2018ರಲ್ಲಿ ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟಿನಲ್ಲಿ ಕೊಲೆಯಾದರು. ಆ ದೇಶವನ್ನು ದೂರ ಇಡುತ್ತೇನೆ ಎಂದು ಚುನಾವಣೆಯಲ್ಲಿ ಹೇಳಿದ್ದವರು ಬೈಡನ್. 2021ರಲ್ಲಿ ಅವರ ಸರ್ಕಾರವೇ ಬಿಡುಗಡೆ ಮಾಡಿದ ಗುಪ್ತಚರ ವರದಿ, ಖಶೋಗಿಯನ್ನು ಹಿಡಿಯುವ ಅಥವಾ ಕೊಲ್ಲುವ ಕಾರ್ಯಾಚರಣೆಗೆ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ ಒಪ್ಪಿಗೆ ಕೊಟ್ಟಿದ್ದರು ಎಂದಿತು. ಯುವರಾಜ ಅದನ್ನು ಅಲ್ಲಗಳೆದಿದ್ದಾರೆ. 2022ರಲ್ಲಿ ಯುಕ್ರೇನ್ ಯುದ್ಧದಿಂದ ತೈಲ ಬೆಲೆ ಏರಿತು. ಜುಲೈನಲ್ಲಿ ಬೈಡನ್ ಜಿದ್ದಾಗೆ ಹೋಗಿ ಯುವರಾಜನ ಮುಷ್ಟಿಗೆ ಮುಷ್ಟಿ ತಾಗಿಸಿದರು.

ನಮ್ಮದೂ ಹಳೆಯ ಲೆಕ್ಕ ಇದೆ. 1956ರಲ್ಲಿ ಬ್ರಿಟನ್, ಫ್ರಾನ್ಸ್ ಸೂಯೆಜ್ ಮೇಲೆ ದಾಳಿ ಮಾಡಿದಾಗ ನೆಹರೂ ಕೂಡಲೇ ಖಂಡಿಸಿದರು. ಅದೇ ದಿನಗಳಲ್ಲಿ ಸೋವಿಯತ್ ಟ್ಯಾಂಕುಗಳು ಹಂಗೇರಿಗೆ ನುಗ್ಗಿದ್ದವು. ಸೇನೆ ಹೊರಹೋಗಲಿ, ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ಚುನಾವಣೆ ನಡೆಯಲಿ ಎಂಬ ನಿರ್ಣಯಕ್ಕೆ ಭಾರತ ವಿರುದ್ಧ ಮತ ಹಾಕಿತು. ಆ ಉಸ್ತುವಾರಿಯ ಮಾತು ಕಾಶ್ಮೀರಕ್ಕೂ ತಿರುಗಬಹುದಿತ್ತು. ಭದ್ರತಾ ಮಂಡಳಿಯಲ್ಲಿ ಸೋವಿಯತ್ ವೀಟೊ ಕೂಡ ಬೇಕಿತ್ತು. 1957ರ ಫೆಬ್ರವರಿಯಲ್ಲಿ ಅದು ಸಿಕ್ಕಿತು ಕೂಡ.

‘ನೀವೇನು ಕಡಿಮೆನಾ?’

ಟೀಕೆಗೆ ಗುರಿಯಾದವರು ಕೊಡುವ ಮೊದಲ ಉತ್ತರ ಇದು. ಅಮೆರಿಕದ ವಿದೇಶಾಂಗ ಇಲಾಖೆ ಬೇರೆ ದೇಶಗಳ ಹಕ್ಕುಗಳ ಸ್ಥಿತಿ ಬಗ್ಗೆ ಪ್ರತಿ ವರ್ಷ ವರದಿ ತರುತ್ತದೆ. ಅದರಲ್ಲಿ ಅಮೆರಿಕ ಮಾತ್ರ ಇರುವುದಿಲ್ಲ. ಆ ಜಾಗ ತುಂಬಲು ಚೀನಾ ಅಮೆರಿಕದ ಬಗ್ಗೆಯೇ ವರದಿ ಪ್ರಕಟಿಸುತ್ತದೆ. 2022ರ ಏಪ್ರಿಲ್‌ನಲ್ಲಿ ಭಾರತದ ಹಕ್ಕುಗಳ ಸ್ಥಿತಿಯನ್ನು ಗಮನಿಸುತ್ತಿದ್ದೇವೆ ಎಂದರು ಅಮೆರಿಕದ ಆಗಿನ ವಿದೇಶಾಂಗ ಸಚಿವ ಆಂಟನಿ ಬ್ಲಿಂಕನ್. ಅಮೆರಿಕವೂ ಸೇರಿದಂತೆ ಬೇರೆಯವರ ಹಕ್ಕುಗಳ ಬಗ್ಗೆ ನಮಗೂ ಅಭಿಪ್ರಾಯ ಇದೆ ಎಂದು ಜೈಶಂಕರ್ ತಿರುಗಿಸಿ ಕೊಟ್ಟರು.

ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತುಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಓಡಿಸಲು ಹೋದರು ಅನ್ನೋ ಗಾದೆ ಇಲ್ಲಿ ಸರಿಯಾಗಿ ಕೂರುತ್ತದೆ. ಆದರೆ ಗಾದೆಯನ್ನು ಇನ್ನೊಮ್ಮೆ ನೋಡಿ. ಹೆಗ್ಗಣ ಇದೆ ಅಂದ ಮಾತ್ರಕ್ಕೆ ನೊಣ ಇಲ್ಲ ಅಂತ ಆಗುವುದಿಲ್ಲ. ಟೀಕೆ ಮಾಡಿದವರು ಕಪಟಿಯೇ ಅನ್ನುವುದು ಒಂದು ಪ್ರಶ್ನೆ, ಅವರು ಹೇಳಿದ್ದು ನಿಜವೇ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಕೊಡಲು ಇಷ್ಟವಿಲ್ಲದವರು ಮೊದಲನೆಯದನ್ನು ಜೋರಾಗಿ ಕೇಳುತ್ತಾರೆ.

ಎಲ್ಲ ವ್ಯತ್ಯಾಸವೂ ಇಬ್ಬಗೆ ನೀತಿಯಲ್ಲ

ಕೆಲವೊಮ್ಮೆ ಬೇರೆ ಅಳತೆಗೆ ಒಪ್ಪಬಹುದಾದ ಕಾರಣವೂ ಇರುತ್ತದೆ. ಬಾಂಬು ಕೊಟ್ಟವರಿಗೆ ಅದು ಎಲ್ಲಿ ಬೀಳುತ್ತದೆ ಎಂದು ಕೇಳುವ ಹೊಣೆ ಬೇರೆಯವರಿಗಿಂತ ಜಾಸ್ತಿ. ಮಾತು ಕೇಳುವವರಿಗೆ ಮಾತ್ರ ಹೇಳುವುದೂ ಒಂದು ಲೆಕ್ಕ. ಕೈದಿಯೊಬ್ಬರನ್ನು ಬಿಡಿಸಲು ಬಹಿರಂಗವಾಗಿ ಬೈಯುವುದಕ್ಕಿಂತ ಒಳಗೊಳಗೇ ಮಾತಾಡುವುದು ಫಲ ಕೊಡಬಹುದು. ತೊಂದರೆ ಏನಂದರೆ, ‘ಒಳಗೊಳಗೇ ಮಾತಾಡುತ್ತಿದ್ದೇವೆ’ ಅನ್ನುವುದನ್ನು ಏನೂ ಮಾತಾಡದವರೂ ಹೇಳಬಹುದು. ತನಗೆ ಯಾವ ಲಾಭವೂ ಇಲ್ಲದ ದೇಶದ ಬಗ್ಗೆಯೂ ಅದೇ ಸರ್ಕಾರ ಇಷ್ಟೇ ಮೆತ್ತಗೆ ಮಾತಾಡಿತ್ತೇ ಎಂದು ನೋಡಿದರೆ ಸಾಮಾನ್ಯವಾಗಿ ಗುಟ್ಟು ಬಯಲಾಗುತ್ತದೆ.

ಹಾಗಾದ್ರೆ ಈ ಟೀಕೆಗಳಿಂದ ಏನಾದರೂ ಆಗುತ್ತಾ?

ಆಗುತ್ತದೆ, ಅದೂ ಟೀಕೆ ಮಾಡಿದವರ ಬಾಯಿ ಶುದ್ಧವಾಗಿಲ್ಲದಾಗಲೂ. 1950ರ ಹೊತ್ತಿಗೆ ಸೋವಿಯತ್ ಒಕ್ಕೂಟ ಅಮೆರಿಕದ ಕರಿಯರ ಸ್ಥಿತಿಯನ್ನು ಜಗತ್ತಿಗೆಲ್ಲ ಸಾರುತ್ತಿತ್ತು. ತನ್ನ ಗುಲಾಗ್ ಎಂಬ ಬಲವಂತದ ದುಡಿಮೆಯ ಶಿಬಿರಗಳಲ್ಲಿ ಲಕ್ಷಾಂತರ ಜನರನ್ನು ಇಟ್ಟುಕೊಂಡೇ. ಮಾತಿನ ಹಿಂದೆ ಕಾಳಜಿ ಇತ್ತೆಂದು ಯಾರೂ ಹೇಳಲಾರರು. ಆದರೂ 1952ರಲ್ಲಿ ಶಾಲೆಗಳ ವರ್ಣಭೇದದ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಬಂದಾಗ, ತಾರತಮ್ಯ ಕಮ್ಯುನಿಸ್ಟ್ ಪ್ರಚಾರಕ್ಕೆ ಸರಕು ಒದಗಿಸುತ್ತಿದೆ ಎಂದು ಅಮೆರಿಕದ ನ್ಯಾಯ ಇಲಾಖೆಯೇ ಲಿಖಿತವಾಗಿ ವಾದಿಸಿತು. 1954ರಲ್ಲಿ ಬೇರೆ ಬೇರೆ ಶಾಲೆಗಳ ವ್ಯವಸ್ಥೆ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಬಂತು. ತೀರ್ಪಿಗೆ ಅದೊಂದೇ ಕಾರಣ ಅಲ್ಲ, ಆದರೆ ಅದೂ ಒಂದು ಎನ್ನುವ ಇತಿಹಾಸಕಾರರಿದ್ದಾರೆ. ಬಾಣ ತಿರುಗಿದ್ದೂ ಇದೆ. ಯುರೋಪಿನ ದೇಶಗಳು, ಅಮೆರಿಕ, ಸೋವಿಯತ್ ಒಕ್ಕೂಟ ಸೇರಿ ಮಾಡಿಕೊಂಡ 1975ರ ಹೆಲ್ಸಿಂಕಿ ಒಪ್ಪಂದದ ಹಕ್ಕುಗಳ ಭಾಗಕ್ಕೆ ಸೋವಿಯತ್ ನಾಯಕರು ಉದಾಸೀನವಾಗಿಯೇ ಸಹಿ ಹಾಕಿದರು. ಮರುವರ್ಷ ಮಾಸ್ಕೊದಲ್ಲೇ ಕೆಲವರು ಗುಂಪು ಕಟ್ಟಿ, ನೀವು ಸಹಿ ಹಾಕಿದ್ದನ್ನು ಪಾಲಿಸಿ ಎಂದು ಕೇಳತೊಡಗಿದರು.

ಎಲ್ಲರಿಗೂ ಒಂದೇ ಅಳತೆ ಹಿಡಿಯಲು ಮಾಡಿದ ಪ್ರಯತ್ನವೊಂದು ಈಗಲೂ ನಡೆಯುತ್ತಿದೆ. ವಿಶ್ವಸಂಸ್ಥೆಯ ಪ್ರತಿ ಸದಸ್ಯ ದೇಶವೂ ನಾಲ್ಕೈದು ವರ್ಷಕ್ಕೊಮ್ಮೆ ಜಿನೀವಾದಲ್ಲಿ ಕೂತು ಉಳಿದವರ ಪ್ರಶ್ನೆಗಳನ್ನು ಎದುರಿಸಬೇಕು. ಇದಕ್ಕೆ ಸಾರ್ವತ್ರಿಕ ನಿಯತಕಾಲಿಕ ಪರಿಶೀಲನೆ ಎಂದು ಹೆಸರು. 2025ರಲ್ಲಿ ಅಮೆರಿಕ ತನ್ನ ಸರದಿಗೆ ಬರುವುದಿಲ್ಲ ಎಂದು ಹೇಳಿಬಿಟ್ಟಿತು. ಭಾರತದ ನಾಲ್ಕನೇ ಸರದಿ 2022ರ ನವೆಂಬರ್‌ನಲ್ಲಿ ಬಂದಿತ್ತು. ಪ್ರತಿ ಸಲವೂ ನಮಗೆ ಬರುವ ಸಲಹೆಗಳಲ್ಲಿ ಒಂದು, ಚಿತ್ರಹಿಂಸೆ ವಿರುದ್ಧದ ಒಡಂಬಡಿಕೆಯನ್ನು ಅನುಮೋದಿಸಿ, ಅಂದರೆ ಅದಕ್ಕೆ ಕಾನೂನುಬದ್ಧವಾಗಿ ಬದ್ಧರಾಗಿ ಎಂಬುದು. ನಾವು 1997ರಲ್ಲೇ ಸಹಿ ಹಾಕಿದ್ದೇವೆ, ಅನುಮೋದಿಸಿಲ್ಲ. ಚೀನಾ 1988ರಲ್ಲಿ, ಅಮೆರಿಕ 1994ರಲ್ಲಿ, ಪಾಕಿಸ್ತಾನ 2010ರಲ್ಲಿ ಅನುಮೋದಿಸಿವೆ. ಇರಾಕಿನ ಅಬು ಗ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಕೈದಿಗಳಿಗೆ ಕೊಟ್ಟ ಹಿಂಸೆಯ ಫೋಟೊಗಳು ಹೊರಬಂದದ್ದು 2004ರಲ್ಲಿ, ಅಂದರೆ ಆ ದೇಶ ಅನುಮೋದಿಸಿ ಹತ್ತು ವರ್ಷ ಆದ ಮೇಲೆ.